ಮಿಂಚುಳ್ಳಿಯ ಒಂದು ಸುತ್ತು

ಕ್ಷಿಪಣಿ ಹೊತ್ತ ದೋಣಿಯೊಂದು ಗುರಿಯನ್ನು ಕಂಡ ಕೂಡಲೇ ಏನು ಮಾಡಬೇಕು? ಹೊಡೆಯಬೇಕು. ಹೊಡೆದ ಮೇಲೆ ಹಿಂದೆ ತಿರುಗಿ ನೋಡದೆ ಓಡಬೇಕು. ಅದರ ಬಾಳೆಲ್ಲ ಇಷ್ಟೇ. ಆದರೆ ಆ ದಿನ ಬೆಳಿಗ್ಗೆ, ಐದು ದೇಶಗಳ ನೌಕಾಪಡೆಗಳು ತಂತಮ್ಮ ಗಣಕಯಂತ್ರದ ತೆರೆಗಳ ಮುಂದೆ ಕೂತು ನೋಡುತ್ತಿರುವಾಗಲೇ, ಮಿಂಚುಳ್ಳಿ ವರ್ಗದ ದೋಣಿಯೊಂದು ಹೊಡೆಯಲೂ ಇಲ್ಲ, ಓಡಲೂ ಇಲ್ಲ. ಗುರಿಯಾಗಿ ಕಡಲಲ್ಲಿ ತೇಲಿಬಿಟ್ಟಿದ್ದ ತುಕ್ಕು ಹಿಡಿದ ಸರಕು ದೋಣಿಯ ಹತ್ತಿರ ಹೋಗಿ, ವೇಗ ಇಳಿಸಿ, ಅದರ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡಿತು. ಗುರುತಿಲ್ಲದವರ ಮದುವೆಗೆ ಹೋದವರು ಬಾಗಿಲಲ್ಲಿ ನಿಲ್ಲುವ ಹಾಗೆ.

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಪಶ್ಚಿಮ ತೀರ ತಾಲೀಮು ಕೇಂದ್ರವಿತ್ತು. ಅದರ ನಿಯಂತ್ರಣ ಕೋಣೆಯಲ್ಲಿ ಎಲ್ಲರೂ ತೆರೆಯ ಹತ್ತಿರಕ್ಕೆ ಬಗ್ಗಿದರು. ನಿರ್ದೇಶಕ ಸದಾನಂದ ಗಾಂವಕರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ದೋಣಿ ಇನ್ನೂ ಅಲ್ಲೇ ನಿಂತಿತ್ತು.

“ಎಂಥ ಮಾಡ್ತಿದೆ ಅದು?” ಎಂದರು. ಯಾರನ್ನು ಕೇಳಿದ್ದು ಎಂದು ಅವರಿಗೂ ಗೊತ್ತಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಸುಗಂಧಾ ತಾಂಡೇಲಳ ಕಿವಿ ಬಿಸಿಯಾಯಿತು. ದೋಣಿ ಹೋದ ದಾರಿ ತೆರೆಯ ಮೇಲೆ ಬಿಳಿ ಗೆರೆಯಾಗಿ ಮೂಡಿತ್ತು. ನಿಂತ ದೋಣಿಯನ್ನು ಎಡಕ್ಕಿಟ್ಟುಕೊಂಡು ಒಂದೇ ಒಂದು ಸುತ್ತು, ಆಮೇಲೆ ಗಾಳಿಗೆ ಮುಖ ಮಾಡಿ ನಿಲ್ಲುವುದು. ಆ ಗೆರೆ ಅವಳಿಗೆ ತನ್ನ ಸಹಿಯಷ್ಟೇ ಪರಿಚಯದ್ದು.

“ಅದು ಕೇಳ್ತಾ ಇದೆ ಸರ್,” ಎಂದಳು.

“ಏನಂತ?”

“ನಿಮ್ಮದು ಎಲ್ಲಾ ಸರಿ ಇದ್ಯಾ ಅಂತ.”

ಇಲ್ಲಿ ಮಿಂಚುಳ್ಳಿಯ ವಿಷಯ ಒಂದಿಷ್ಟು ಹೇಳಬೇಕು. ಅದು ದೊಡ್ಡ ಹಡಗೇನಲ್ಲ. ಹಗುರ ಮೈ, ಬೆನ್ನ ಮೇಲೆ ನಾಲ್ಕು ಕ್ಷಿಪಣಿ, ಮೈತುಂಬ ಅವಸರ. ಭಾರೀ ಯುದ್ಧನೌಕೆ ಕಟ್ಟಿಸುವ ತಾಕತ್ತಿಲ್ಲದ ದೇಶಗಳೂ ಇಂಥವು ನಾಲ್ಕನ್ನು ಇಟ್ಟುಕೊಂಡರೆ ದೊಡ್ಡವರ ಎದುರು ಮೀಸೆ ತಿರುವಬಹುದು. ಹಳೆಯ ಕಾಲದಲ್ಲಿ ಇಂಥ ದೋಣಿಗೆ ಮೂವತ್ತು ಜನ ನಾವಿಕರು ಬೇಕಾಗುತ್ತಿದ್ದರು. ಮಿಂಚುಳ್ಳಿಗೆ ಒಬ್ಬರೂ ಬೇಡ. ಚುಕ್ಕಾಣಿಯ ಕೆಳಗೆ ಉಕ್ಕಿನದೊಂದು ಪೆಟ್ಟಿಗೆ, ಅದರೊಳಗೆ ಕಲಿಯುವ ಯಂತ್ರ. ಕಾಗದಪತ್ರಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಕೇಂದ್ರದವರು ಕರೆಯುತ್ತಿದ್ದದ್ದು ‘ಮಂಡೆ’ ಎಂದು.

ಮೊದಮೊದಲು ಮಂಡೆಯನ್ನು ಗಣಕಯಂತ್ರದೊಳಗಿನ ಕೃತಕ ಕಡಲಿನಲ್ಲಿ ಬೆಳೆಸಿದ್ದರು. ಅಲ್ಲಿ ಅದು ಬಿರುಗಾಳಿಯನ್ನೂ ಲೆಕ್ಕಕ್ಕೆ ಇಡದೆ ಓಡಿತು. ನಿಜವಾದ ಅಳಿವೆಗೆ ಇಳಿಸಿದಾಗ ಮೊದಲ ಮರಳುದಿಬ್ಬಕ್ಕೇ ಹತ್ತಿ ಕೂತಿತು. ಆಮೇಲೆ ಬುದ್ಧಿ ಬಂದು ಮನುಷ್ಯರ ಕೈಯಿಂದಲೇ ಕಲಿಸಲು ನಿರ್ಧಾರವಾಯಿತು. ನೌಕಾಪಡೆಯಲ್ಲಿ ಚುಕ್ಕಾಣಿ ಹಿಡಿದು ಹೆಸರು ಮಾಡಿದ್ದ ಸುಗಂಧಾಳನ್ನು ಕರೆಸಿದರು. ಮೂರು ವರ್ಷ ಅವಳು ಮೊದಲ ದೋಣಿಯನ್ನು ನಡೆಸಿದಳು, ಮಂಡೆ ನೋಡುತ್ತ ಕೂತಿತು. ಅವಳ ಅಂಗೈ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲಾಗುತ್ತದೆ, ದೊಡ್ಡ ಅಲೆ ಬರುವ ಮುಂಚೆ ಅವಳ ಕಣ್ಣು ಯಾವ ಕಡೆ ಹೋಗುತ್ತದೆ, ಎಲ್ಲವನ್ನೂ ಹೀರಿಕೊಂಡಿತು. ಅವಳೋ ಅದರ ಹತ್ತಿರ ಇಡೀ ದಿನ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಬೇಜಾರಾದರೆ ಗುನುಗುತ್ತಿದ್ದಳು. ಆ ದೋಣಿಗೆ ಅವಳಿಟ್ಟ ಹೆಸರು ಸಣ್ಣಿ. ಸಣ್ಣಿಯ ಮಂಡೆಯನ್ನೇ ನಕಲು ಮಾಡಿ ಮಿಂಚುಳ್ಳಿ ವರ್ಗದ ಎಲ್ಲ ದೋಣಿಗಳಿಗೂ ಕೂರಿಸಿದರು. ಹೀಗಾಗಿ ಅವನ್ನು ಕೊಂಡ ಐದು ದೇಶಗಳ ಕಡಲಿನಲ್ಲಿ, ಒಬ್ಬರನ್ನೊಬ್ಬರು ಕಂಡರಾಗದವರ ಕಡಲಿನಲ್ಲೂ, ದೋಣಿಗಳು ಸುಗಂಧಾ ತಿರುಗಿಸಿದ ಹಾಗೆಯೇ ತಿರುಗುತ್ತಿದ್ದವು.

ಇನ್ನು ಸುತ್ತಿನ ವಿಷಯ. ಅವಳು ಹುಟ್ಟಿದ ಕೇರಿಯ ಮೀನುಗಾರರಲ್ಲಿ ಒಂದು ಪದ್ಧತಿ. ಎಂಜಿನ್ ನಿಂತ ದೋಣಿ ಕಂಡರೆ ಸುಮ್ಮನೆ ಹಾದು ಹೋಗುವಂತಿಲ್ಲ. ಹಾಗಂತ ‘ಏನಾಯ್ತು’ ಎಂದು ಕೂಗಿ ಕೇಳುವಂತೆಯೂ ಇಲ್ಲ; ನೀರಿನ ಮೇಲೆ ಕೆಟ್ಟದ್ದರ ಮಾತೆತ್ತುವುದು ಅಪಶಕುನ. ಅದಕ್ಕೇ ಒಂದು ಸುತ್ತು ಹಾಕಿ ನಿಲ್ಲುತ್ತಾರೆ. ಆ ದೋಣಿಯವರು ಕೈಯನ್ನೋ ಹುಟ್ಟನ್ನೋ, ಏನೂ ಸಿಗದಿದ್ದರೆ ಅನ್ನದ ಸೌಟನ್ನೋ ಮೇಲೆತ್ತಿದರೆ ‘ನಮ್ಮದು ಸರಿಯಿದೆ, ನೀವು ಹೋಗಿ’ ಎಂದು ಅರ್ಥ. ಏನೂ ಮೇಲೇಳದಿದ್ದರೆ ಹಗ್ಗ ಎಸೆಯಬೇಕು. ಸುಗಂಧಾಳ ಅಪ್ಪನಿಗೂ ಪಕ್ಕದ ಕೇರಿಯ ಬೊಮ್ಮಯ್ಯನಿಗೂ ಬಲೆ ಹರಿದ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟುಹೋಗಿತ್ತು. ಆದರೂ ಬೊಮ್ಮಯ್ಯನ ಎಂಜಿನ್ ಕೈಕೊಟ್ಟ ದಿನ ಅಪ್ಪ ಮುಖ ಆಚೆ ತಿರುಗಿಸಿಕೊಂಡೇ ಸುತ್ತು ಹಾಕಿದ. ಬೊಮ್ಮಯ್ಯ ಮುಖ ಈಚೆ ತಿರುಗಿಸದೆಯೇ ಹುಟ್ಟು ಎತ್ತಿದ. ಪುಟ್ಟ ಹುಡುಗಿ ಸುಗಂಧಾ ದೋಣಿಯ ನಡುವೆ ಕೂತು ನಗು ತಡೆದುಕೊಂಡಿದ್ದಳು.

ತಾಲೀಮಿನ ಮೂರು ವರ್ಷಗಳಲ್ಲೂ ದಾರಿಯಲ್ಲಿ ನಿಂತ ದೋಣಿ ಸಿಕ್ಕಾಗಲೆಲ್ಲ ಅವಳು ಒಂದು ಸುತ್ತು ಹಾಕಿದ್ದಳು. ಅದನ್ನೂ ಕಲಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಉಸಿರಾಡುವುದನ್ನು ಯಾರು ಪಾಠ ಎಂದುಕೊಳ್ಳುತ್ತಾರೆ? ಕೇಂದ್ರದವರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಗುರಿಯನ್ನು ಯಾವಾಗಲೂ ಇನ್ನೊಂದು ದೋಣಿ ಎಳೆದುಕೊಂಡು ಹೋಗುತ್ತಿತ್ತು. ಗುರಿ ಸುಮ್ಮನೆ ನಿಂತದ್ದು ಇದೇ ಮೊದಲು.

ಎಲ್ಲ ಕೇಳಿದ ಗಾಂವಕರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಣೆ ಹಿಡಿದುಕೊಂಡು ಕೂತರು.

“ಕ್ಷಿಪಣಿ ಹೊತ್ಕೊಂಡು ಹೋಗಿ ಕ್ಷೇಮಸಮಾಚಾರ ಕೇಳೂದು,” ಎಂದರು. “ಇದನ್ನ ನಾನು ಐದು ದೇಶದವ್ರಿಗೆ ಹೇಗೆ ಹೇಳ್ಲಿ ಸುಗಂಧಾ?”

ಹೇಳಿದರು. ಉತ್ತರ ಎರಡೇ ದಿನದಲ್ಲಿ ಬಂತು. ಮಳೆಗಾಲ ಮುಗಿದ ಕೂಡಲೇ ಐದೂ ದೇಶಗಳ ಅಧಿಕಾರಿಗಳು ಅಳಿವೆಗೆ ಬರುತ್ತಾರೆ. ಅಷ್ಟರೊಳಗೆ ಈ ಸುತ್ತು ಹಾಕುವ ಚಾಳಿ ಹೋಗಿರಬೇಕು. ಹೋಗದಿದ್ದರೆ ಎಲ್ಲ ದೋಣಿಗಳಿಂದಲೂ ಸುಗಂಧಾ ಕಲಿಸಿದ ಮಂಡೆಯನ್ನು ಪೂರ್ತಿ ಅಳಿಸಿ, ಕೃತಕ ಕಡಲಿನಲ್ಲಿ ಬೆಳೆದ ಹೊಸದೊಂದನ್ನು ಹಾಕಿಸಿಕೊಳ್ಳುತ್ತಾರೆ.

“ಅಳಿಸಿದ್ರೆ ಮತ್ತೆ ಕಲಿಸಿದ್ರಾಯ್ತು ಅಂತ ಹೇಳ್ಲಾ?” ಎಂದು ಗಾಂವಕರರು ಕೇಳಿದರು. ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡರು.

ಸುಗಂಧಾ ಸೆರಗಿನೊಳಗೆ ಬಲಗೈಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು. ಒಂದು ವರ್ಷದಿಂದ ಆ ಕೈ ನಡುಗುತ್ತಿತ್ತು. ಜೀವಕ್ಕೆ ತೊಂದರೆಯಿಲ್ಲ, ಆದರೆ ವಾಸಿಯೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಡುಗುವ ಕೈ ಚುಕ್ಕಾಣಿ ಹಿಡಿದರೆ ಮಂಡೆ ಆ ನಡುಕವನ್ನೂ ಕಲಿಯುತ್ತದೆ. ಅಲ್ಲಿಂದೀಚೆಗೆ ಅವಳು ಸಣ್ಣಿಯನ್ನು ಮುಟ್ಟಿರಲಿಲ್ಲ. ಅವಳ ಗಟ್ಟಿ ಕೈ ಈಗ ಉಳಿದಿದ್ದದ್ದು ಆ ದೋಣಿಗಳ ಒಳಗೆ ಮಾತ್ರ. ಅಳಿಸಿದರೆ ಅಲ್ಲಿಗೆ ಮುಗಿಯಿತು.

ಆ ದಿನ ಮಧ್ಯಾಹ್ನ ಮನೆಗೆ ಬಂದಾಗ ಗಂಡ ಉಲ್ಲಾಸ ಬಂಗುಡೆ ಸಾರು ಮಾಡಿಟ್ಟಿದ್ದ. ಅವನದು ಸಣ್ಣ ಬಲೆದೋಣಿ. ಬೆಳಗಾಗುವಾಗ ಕಡಲಿಗೆ ಹೋದರೆ ಊಟದ ಹೊತ್ತಿಗೆ ವಾಪಸು. ಅಡುಗೆಯ ಕೈ ಅವನದು ಚೆನ್ನಾಗಿತ್ತು, ಅದರ ಬಗ್ಗೆ ಜಂಬವೂ ಸಾಕಷ್ಟಿತ್ತು. ಸುಗಂಧಾ ಎಡಗೈಯಲ್ಲಿ ಚಮಚ ಹಿಡಿದು ಊಟಕ್ಕೆ ಕೂತಳು.

“ಬಂಗುಡೆ ಸಾರಿಗೆ ಚಮಚ ಹಾಕಿ ಉಂಬೂದು ನಮ್ಮ ಕೇರಿಯಲ್ಲೇ ಮೊದ್ಲು,” ಎಂದ ಉಲ್ಲಾಸ. “ಮೀನಿಗೆ ಬೇಜಾರಾಗ್ತದೆ ಮಾರಾಯ್ತಿ.”

“ಮೀನು ಸತ್ತು ಎಷ್ಟೊತ್ತಾಯ್ತು.”

“ಕೈ ಎಲ್ಲಿ ಅಡಗಿಸಿಟ್ಟೆ?”

“ಇದೆ ಎಲ್ಲೋ.”

ಅವನು ಹೆಚ್ಚು ಕೆದಕಲಿಲ್ಲ. ಅವಳ ತಟ್ಟೆಯ ಮೀನಿನ ಮುಳ್ಳನ್ನು ತಾನೇ ಬಿಡಿಸಿಕೊಟ್ಟ. ಅದಕ್ಕೂ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಇಷ್ಟು ಒಳ್ಳೆಯ ಗಂಡನ ಮೇಲೆ ಸಿಟ್ಟಾಗುತ್ತಿದ್ದೇನಲ್ಲ ಎಂದು ಮತ್ತೂ ಸಿಟ್ಟು ಬಂತು. ಊಟದ ನಡುವೆ ಕೇಂದ್ರದ ಸುದ್ದಿಯನ್ನೆಲ್ಲ ಹೇಳಿದಳು.

“ತೆಗೆದ್ರೆ ಒಂದು ಸುತ್ತು ಹೋಗ್ತದೆ. ತೆಗೀದೇ ಇದ್ರೆ ನಾನೇ ಪೂರ್ತಿ ಹೋಗ್ತೆ,” ಎಂದಳು.

“ಹಾಗಾದ್ರೆ ತೆಗಿ. ಒಂದು ಸುತ್ತಿನ ಸಲುವಾಗಿ ಉಳಿದದ್ದೆಲ್ಲಾ ಕಳ್ಕೊಳ್ಳೂಕೆ ಆಗ್ತದ್ಯಾ?” ಎಂದು ಉಲ್ಲಾಸ ಎದ್ದು ಕೈ ತೊಳೆದ. ಟವೆಲಿಗೆ ಒರೆಸಿಕೊಳ್ಳುತ್ತ, “ಆದ್ರೆ ನಿನ್ನ ಅಪ್ಪ ಇದ್ದಿದ್ರೆ ನಿನ್ನ ಹತ್ರ ಮಾತು ಬಿಡ್ತಿದ್ರು,” ಎಂದ. ತಮಾಷೆಗೇ ಹೇಳಿದ್ದು. ಅವಳಿಗೆ ನಗು ಬರಲಿಲ್ಲ.

ಮಳೆ ಹಿಡಿಯಿತು. ಕಡಲಿಗೆ ಇಳಿಯುವುದು ನಿಂತಿತು. ಸುಗಂಧಾ ತೆರೆಯ ಮುಂದೆ ಕೂತು ಸಣ್ಣಿಯ ಮಂಡೆಗೆ ತಿದ್ದುಪಾಠ ಹೇಳತೊಡಗಿದಳು. ಕೃತಕ ಕಡಲಿನಲ್ಲಿ ನಿಂತ ದೋಣಿಗಳನ್ನು ತೋರಿಸುವುದು. ಸಣ್ಣಿ ವೇಗ ಇಳಿಸಿದರೆ ತಪ್ಪು, ನೇರ ಹೋಗಿ ಹೊಡೆದರೆ ಸರಿ. ಹೇಳಲು ಸುಲಭ. ಆದರೆ ಕಲಿತದ್ದು ಮಂಡೆಯಲ್ಲಿ ಒಂದೇ ಜಾಗದಲ್ಲಿ ಇರುವುದಿಲ್ಲ. ಬಲೆಯ ಹಾಗೆ, ಒಂದು ಗಂಟು ಬಿಚ್ಚಿದರೆ ಹತ್ತು ಕಣ್ಣು ಸಡಿಲಾಗುತ್ತವೆ. ಸುತ್ತು ಹಾಕುವುದನ್ನು ಮರೆಸಿದರೆ ಸಣ್ಣಿ ದೋಣಿ ಕಟ್ಟುವ ಧಕ್ಕೆಗೆ ಬಂದು ನಿಲ್ಲುವುದನ್ನೂ ಮರೆಯಿತು. ಅದನ್ನು ನೆನಪಿಸಿದರೆ ಸುತ್ತು ಮತ್ತೆ ಬಂತು. ಒಮ್ಮೆಯಂತೂ ಅರ್ಧ ಸುತ್ತು ಹಾಕಿ, ತಪ್ಪು ಮಾಡಿದವರಂತೆ ಗಕ್ಕನೆ ನಿಂತುಬಿಟ್ಟಿತು. ಸುಗಂಧಾ ಆ ದಿನದ ಪಾಠ ನಿಲ್ಲಿಸಿದಳು.

“ಬಿಡು ಸಣ್ಣಿ, ನಿಂದೇನೂ ತಪ್ಪಿಲ್ಲ,” ಎಂದು ತೆರೆಗೆ ಹೇಳಿದಳು. ಪಕ್ಕದ ಮೇಜಿನವರು ಕೇಳಿಸದವರ ಹಾಗೆ ಕೂತರು.

ಮಳೆ ತಗ್ಗುವ ಹೊತ್ತಿಗೆ ಪಾಠ ಮುಗಿಯಿತು. ಕೃತಕ ಕಡಲಿನಲ್ಲಿ ಸಣ್ಣಿ ನಿಂತ ದೋಣಿಯನ್ನು ಕಂಡಿತು, ಹೊಡೆಯಿತು, ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಂವಕರರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಎಲ್ಲರಿಗೂ ಚಹ ಕೊಡಿಸಿದರು. ಸುಗಂಧಾ ಚಹ ಕುಡಿದಳು. ಗೆದ್ದವಳಿಗೆ ಆಗಬೇಕಾದ ಖುಷಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಮಳೆ ಮುಗಿದು ಕಡಲು ತೆರೆದ ಮೇಲೆ ಐದು ದೇಶಗಳ ಅಧಿಕಾರಿಗಳು ಬಂದಿಳಿದರು. ಅವರಲ್ಲಿ ಪೂರ್ವದ ಒಂದು ದ್ವೀಪದೇಶದ ಕ್ಯಾಪ್ಟನ್ ಮರಿಸಾ ಎಂಬಾಕೆ ಸಣ್ಣಿಯನ್ನು ನೋಡಲು ತಾನಾಗಿಯೇ ಧಕ್ಕೆಗೆ ಬಂದಳು. ಎಲ್ಲರ ಕಿವಿಯಲ್ಲೂ ಭಾಷೆ ತಿರುಗಿಸುವ ಗುಂಡಿಯಿತ್ತು. ಆ ಗುಂಡಿಗೆ ಗೊತ್ತಿದ್ದದ್ದು ಪಠ್ಯಪುಸ್ತಕದ ಕನ್ನಡ ಮಾತ್ರ.

“ತಮ್ಮ ಹಸ್ತಕೌಶಲವನ್ನು ನಾವು ನಮ್ಮ ಸಮುದ್ರದಲ್ಲಿ ಅನುದಿನವೂ ಕಾಣುತ್ತಿದ್ದೇವೆ,” ಎಂದು ಮರಿಸಾಳ ಮಾತು ಸುಗಂಧಾಳ ಕಿವಿಗೆ ಬಂತು. ಆಕೆ ಕೈ ಕುಲುಕಲು ಬಲಗೈ ಚಾಚಿದಳು. ಸುಗಂಧಾ ಎಡಗೈ ಕೊಟ್ಟಳು.

ಪರೀಕ್ಷೆಯ ಏರ್ಪಾಡು ಹೀಗಿತ್ತು. ಅತಿಥಿಗಳನ್ನು ಕೂರಿಸಿಕೊಂಡು ಗಾಂವಕರರು ಒಂದು ಲಾಂಚಿನಲ್ಲಿ ದೂರದಲ್ಲೇ ಓಡಾಡುತ್ತ ನೋಡುವುದು. ಸಣ್ಣಿ ಬಡಗಣದಿಂದ ಬಂದು, ತೇಲಿಬಿಟ್ಟ ಹಳೇ ಸರಕು ದೋಣಿಗೆ ಹೊಡೆಯುವುದು. ಕ್ಷಿಪಣಿಯಲ್ಲಿ ಮದ್ದಿರಲಿಲ್ಲ; ಆದರೂ ಆ ವೇಗದಲ್ಲಿ ಬಂದ ಕಬ್ಬಿಣದ ತುಂಡು ಬಡಿದರೆ ಸಣ್ಣ ದೋಣಿ ಎರಡು ಹೋಳಾಗುತ್ತದೆ. ಪರೀಕ್ಷೆಯ ದೋಣಿಯಲ್ಲಿ ಒಬ್ಬರಾದರೂ ಮನುಷ್ಯರು ಇರಲೇಬೇಕೆಂಬ ನಿಯಮವಿತ್ತು. ತಪ್ಪಾದರೆ ಕೆಂಪು ಗುಂಡಿ ಒತ್ತುವುದು ಅವರ ಕೆಲಸ. ಸುಗಂಧಾ ತಾನೇ ಹೋಗುತ್ತೇನೆ ಎಂದಳು. ಒಂದು ವರ್ಷದ ಮೇಲೆ ಸಣ್ಣಿಯ ಒಳಗೆ ಕಾಲಿಟ್ಟಾಗ, ತವರುಮನೆಯ ಹೊಸಿಲು ದಾಟಿದಷ್ಟು ಹಿತವೆನಿಸಿತು. ಚುಕ್ಕಾಣಿಯನ್ನು ಮುಟ್ಟದೆ ಪಕ್ಕದ ಕುರ್ಚಿಯಲ್ಲಿ ಕೂತಳು.

ಸಣ್ಣಿ ಹೊರಟಿತು. ಮರಳುದಿಬ್ಬಗಳ ನಡುವೆ ಲೀಲಾಜಾಲವಾಗಿ ನುಸುಳಿತು, ಕಡಲಿಗೆ ಬಿದ್ದ ಮೇಲೆ ಮೈ ಎತ್ತಿ ಓಡಿತು. ಅಷ್ಟರಲ್ಲಿ ರೇಡಿಯೋದಲ್ಲಿ ಗಾಂವಕರರ ದನಿ ಬಂತು. ಯಾವುದೋ ಹರಕು ಬಲೆ ಲಾಂಚಿನ ನೀರೊಳಗಿನ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿದೆ.

“ಗಾಬರಿ ಏನಿಲ್ಲ, ನಾವು ಇಲ್ಲೇ ಕೂತು ನೋಡ್ತೇವೆ. ಪರೀಕ್ಷೆ ನಡೀಲಿ,” ಎಂದರು.

ಆ ಲಾಂಚು ನೌಕಾಪಡೆಯದಲ್ಲ. ಪ್ರವಾಸಿಗರನ್ನು ಸುತ್ತಾಡಿಸುವಂಥದ್ದು, ಅತಿಥಿಗಳಿಗೆ ಅನುಕೂಲವಾಗಲೆಂದು ತರಿಸಿದ್ದರು. ‘ನಾನು ನಿಮ್ಮವನು’ ಎಂದು ಸಾರುವ ಯಂತ್ರ ಅದರಲ್ಲಿರಲಿಲ್ಲ. ಲಾಂಚು ಓಡುತ್ತಿರುವಷ್ಟು ಹೊತ್ತು ಅದರ ಅವಶ್ಯಕತೆಯೂ ಇರಲಿಲ್ಲ, ಏಕೆಂದರೆ ಸಣ್ಣಿಗೆ ಆ ದಿನ ಹುಡುಕಲು ಹೇಳಿದ್ದು ನಿಂತ ದೋಣಿಯನ್ನು. ಈಗ ಕಡಲಲ್ಲಿ ನಿಂತ ದೋಣಿಗಳು ಎರಡಾದವು, ಹತ್ತಿರದ್ದು ಲಾಂಚು.

ಚುಕ್ಕಾಣಿಯ ಪಕ್ಕದ ತೆರೆಯಲ್ಲಿ ಲಾಂಚಿನ ಸುತ್ತ ಕೆಂಪು ಚೌಕ ಮೂಡಿತು. ಕೆಳಗೆ ‘ಗುರಿ’ ಎಂದು ಬರೆದುಕೊಂಡಿತು.

“ಅಲ್ಲ ಸಣ್ಣಿ, ಅದಲ್ಲ,” ಎಂದಳು ಸುಗಂಧಾ.

ಸಣ್ಣಿ ವೇಗ ಇಳಿಸಲಿಲ್ಲ. ಅದಕ್ಕೆ ಹಾಗೆ ಕಲಿಸಿದವಳು ಅವಳೇ. ಬೆನ್ನ ಮೇಲಿನ ಕ್ಷಿಪಣಿಯ ಮುಚ್ಚಳ ತೆರೆಯುವ ಸದ್ದು ಕೇಳಿಸಿತು. ಸುಗಂಧಾ ಕೆಂಪು ಗುಂಡಿಗೆ ಕೈ ಹಾಕಿದಳು. ಅವಸರಕ್ಕೆ ಬಲಗೈಯೇ ಹೋಯಿತು, ನಡುಗಿ ಬೆರಳು ಪಕ್ಕಕ್ಕೆ ಬಿತ್ತು. ಮತ್ತೊಮ್ಮೆ ಅಂಗೈಯಿಂದಲೇ ಗುದ್ದಿದಳು. ಮುಚ್ಚಳ ಮುಚ್ಚಿಕೊಂಡಿತು, ಎಂಜಿನ್ನಿ‌ನ ಅಬ್ಬರ ಇಳಿಯಿತು. ಅವಳ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು.

ಲಾಂಚಿನಲ್ಲಿದ್ದವರಿಗೆ ಇದಾವುದೂ ಗೊತ್ತಿಲ್ಲ. ಅವರು ತಮ್ಮ ಪಾಡಿಗೆ ದುರ್ಬೀನು ಹಿಡಿದು ಕೂತಿದ್ದರು. ಇಳಿತದ ಸೆಳೆತಕ್ಕೆ ಲಾಂಚು ಮೆಲ್ಲಗೆ ಬಂಡೆಗಳ ಕಡೆ ಸರಿಯುತ್ತಿತ್ತು. ಸಣ್ಣಿ ಅದರೆದುರು ಮಂಕು ಬಡಿದಂತೆ ನಿಂತಿತ್ತು. ಹೊಡೆಯಬೇಡ ಎಂದ ಮೇಲೆ ನಿಂತ ದೋಣಿಯ ಎದುರು ಏನು ಮಾಡಬೇಕೆಂಬುದೇ ಅದಕ್ಕೆ ಮರೆತುಹೋಗಿತ್ತು. ತಾನು ಏನು ತೆಗೆದುಹಾಕಿದೆ ಎಂದು ಸುಗಂಧಾಳಿಗೆ ಆಗ ಅರ್ಥವಾಯಿತು.

ಅವಳು ಎದ್ದು ಚುಕ್ಕಾಣಿ ಹಿಡಿದಳು. ಎರಡೂ ಕೈಯಲ್ಲಿ ಹಿಡಿದಳು. ನಡುಕ ಹಿಡಿಯಿಂದ ಇಳಿದು ದೋಣಿಯ ಮೂತಿಗೆ ಹೋಯಿತು. ಅತ್ತಿತ್ತ ಸಣ್ಣಗೆ ಅಲುಗುತ್ತಲೇ ಸಣ್ಣಿ ತಿರುಗಿತು, ಲಾಂಚನ್ನು ಎಡಕ್ಕಿಟ್ಟುಕೊಂಡು ನಿಧಾನವಾಗಿ ಸುತ್ತು ಹಾಕತೊಡಗಿತು. ಮನುಷ್ಯರ ಕೈ ಚುಕ್ಕಾಣಿಗೆ ಬಿದ್ದ ಕೂಡಲೇ ಹೊತ್ತಿಕೊಳ್ಳುವ ಹಸಿರು ದೀಪ ಹೊತ್ತಿಕೊಂಡಿತು. ಮಂಡೆ ಕಲಿಯುತ್ತಿದೆ ಎಂಬುದರ ಗುರುತು ಅದು. ಅವಳು ಅದನ್ನು ನೋಡಲಿಲ್ಲ. ನೋಡುತ್ತಿದ್ದದ್ದು ತೆರೆಯನ್ನು. ಕಾಲು ಸುತ್ತು ಆಗುವಾಗ ಕೆಂಪು ಚೌಕ ಹಳದಿಯಾಗಿ, ‘ಗುರಿ’ ಅಳಿಸಿ ‘ಗೊತ್ತಿಲ್ಲ’ ಎಂದಾಯಿತು. ಲಾಂಚಿನ ಹಿಂಬದಿಗೆ ಬಂದಾಗ ಅತಿಥಿಗಳು ಕಂಡರು. ಇದೇನೋ ತಮಗೆ ಗೌರವ ಸಲ್ಲಿಸುವ ಕ್ರಮವೆಂದುಕೊಂಡು ಅವರೆಲ್ಲ ಎದ್ದು ನಿಂತು ಕೈ ಬೀಸಿದರು. ತೆರೆಯ ಮೇಲೆ ‘ಜನ’ ಎಂದು ಬಂತು.

ನಿಂತ ದೋಣಿಯ ವಿಷಯದಲ್ಲಿ ಸಣ್ಣಿ ಕಲಿತದ್ದೆಲ್ಲ ಸುತ್ತು ಹಾಕುತ್ತ ಕಲಿತದ್ದು. ಯಾವ ದೋಣಿಯಲ್ಲಿ ಜನರಿದ್ದಾರೆ, ಯಾವುದು ಬರೀ ಚಿಪ್ಪು ಎಂಬುದನ್ನು ಅದು ತಿಳಿಯುತ್ತಿದ್ದದ್ದೇ ಎಲ್ಲ ಬದಿಯಿಂದ ನೋಡಿ. ಸುತ್ತನ್ನು ಕಿತ್ತಾಗ ಅದರ ಕಣ್ಣನ್ನೂ ಕಿತ್ತ ಹಾಗಾಗಿತ್ತು.

ಕೈ ಎತ್ತಿದರೆ ಅರ್ಥವೇನೆಂದು ಗೊತ್ತಿದ್ದ ಗಾಂವಕರರು ಅತಿಥಿಗಳ ನಡುವೆ ಪೆಚ್ಚಾಗಿ ನಿಂತಿದ್ದರು, ಅವರ ಕೈ ಮಾತ್ರ ಮೇಲೇಳಲಿಲ್ಲ. ಸುಗಂಧಾ ಹಗ್ಗ ಎಸೆದಳು.

ಲಾಂಚನ್ನು ಧಕ್ಕೆಗೆ ಎಳೆತಂದ ಮೇಲೆ ಸಭೆ ಸೇರಿತು. ಸುಗಂಧಾ ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ತಾವು ಕೈ ಬೀಸಿದ್ದು ಯಾರಿಗೆ ಎಂದು ತಿಳಿದು ಅತಿಥಿಗಳ ಮುಖ ಸಪ್ಪಗಾಯಿತು. ಅವಳು ಸುತ್ತಿನ ಪದ್ಧತಿ ವಿವರಿಸಿದಳು, ಬೊಮ್ಮಯ್ಯನ ಕಥೆಯನ್ನೂ ಹೇಳಿದಳು. ಕಿವಿಯ ಗುಂಡಿ ಅದನ್ನು ಐದು ಭಾಷೆಗಳಲ್ಲಿ ಏನೆಂದು ತಿರುಗಿಸಿತೋ, ಒಬ್ಬಿಬ್ಬರು ನಕ್ಕರು.

ಒಬ್ಬ ಹಿರಿಯ ಅಧಿಕಾರಿ ಮಾತ್ರ ನಗಲಿಲ್ಲ. “ಸಮರಕಾಲದಲ್ಲಿ ಪ್ರದಕ್ಷಿಣೆ ಮಾಡುತ್ತ ಕುಳಿತರೆ ವೈರಿಯು ಸುಮ್ಮನಿರುವನೇ?” ಎಂದು ಅವನ ಮಾತು ಬಂತು.

“ಓಡೂ ದೋಣಿಗೆ ಅದು ಸುತ್ತು ಹಾಕೂದಿಲ್ಲ ಸಾಹೇಬ್ರೇ,” ಎಂದಳು ಸುಗಂಧಾ. “ಎಂಜಿನ್ ನಿಂತು, ಕೈಲಾಗದೆ ತೇಲ್ತಾ ಇದ್ದವ್ರಿಗೆ ಮಾತ್ರ. ಖಾಲಿ ಇದ್ರೆ ನಿಮ್ಮ ಕೆಲಸ ನೀವು ಮಾಡಿ. ಜನ ಇದ್ರೆ ಒಂದು ಹಗ್ಗ.”

ಆಗ ಕ್ಯಾಪ್ಟನ್ ಮರಿಸಾ ಮಾತಾಡಿದಳು. ಎಳೆಯ ವಯಸ್ಸಿನಲ್ಲಿ ಅವಳಿದ್ದ ಗಸ್ತು ದೋಣಿಯ ಎಂಜಿನ್ ಸುಟ್ಟು, ಅವರೆಲ್ಲ ನಡುಗಡಲಲ್ಲಿ ನೀರಿಲ್ಲದೆ ತೇಲಿದ್ದರಂತೆ. ಹಡಗುಗಳು ಕಣ್ಣೆದುರೇ ಹಾದು ಹೋದವು. ಕೆಲವು ಅವಳ ದೇಶದ್ದೇ.

“ಅಂದು ಒಂದಾದರೂ ನೌಕೆ ನಮ್ಮನ್ನು ಸುತ್ತಿ ಬಂದಿದ್ದರೆ, ಅದು ವೈರಿಯದಾಗಿದ್ದರೂ, ನನ್ನ ಇಬ್ಬರು ಗೆಳೆಯರು ಬದುಕಿರುತ್ತಿದ್ದರು,” ಎಂದಿತು ಕಿವಿಯ ಗುಂಡಿ. ಈ ಸಲ ಆ ಪುಸ್ತಕದ ಕನ್ನಡ ಯಾರಿಗೂ ತಮಾಷೆಯೆನಿಸಲಿಲ್ಲ.

ಆಮೇಲೆ ಬಹಳ ಚರ್ಚೆಯಾಯಿತು. ತಮ್ಮ ದೋಣಿ ಮಾತ್ರ ಸುತ್ತು ಹಾಕುವುದು ಯಾರಿಗೂ ಬೇಡ. ಬೇರೆಯವರ ದೋಣಿ ತಮ್ಮ ನಾವಿಕರಿಗೆ ಸುತ್ತು ಹಾಕಿದರೆ ಬೇಡ ಎನ್ನಲು ಯಾರಿಗೂ ಮನಸ್ಸಿಲ್ಲ. ಕೊನೆಗೆ ಎಲ್ಲರದರಲ್ಲೂ ಇರಲಿ ಎಂಬಲ್ಲಿಗೆ ಬಂತು. ಹೊರಗಿನವರಿಗೆ ಹೇಳುವಾಗ ಮಾತ್ರ ‘ಆ ದೋಷದ ದುರಸ್ತಿ ನಡೆಯುತ್ತಿದೆ’ ಎನ್ನಬೇಕೆಂದು ಒಪ್ಪಂದವಾಯಿತು. ಮರ್ಯಾದೆಯ ಪ್ರಶ್ನೆ ಎಲ್ಲ ದೇಶಗಳಿಗೂ ಇರುತ್ತದಲ್ಲ.

ಆದರೆ ಹಳೆಯ ಮಂಡೆಯನ್ನೇ ವಾಪಸು ಹಾಕುವಂತಿರಲಿಲ್ಲ. ಅದು ಸುತ್ತು ಹಾಕಿ, ಯಾರಾದರೂ ಕೈ ಎತ್ತಲಿ ಎಂದು ಖಾಲಿ ದೋಣಿಯ ಎದುರೂ ಕಾಯುತ್ತ ನಿಲ್ಲುವಂಥದ್ದು. ಸುತ್ತು ಹಾಕಬೇಕು, ಖಾಲಿಯೋ ಜನರಿದ್ದಾರೋ ನೋಡಬೇಕು, ಅಲ್ಲಿಯೇ ನಿರ್ಧಾರ ಮಾಡಬೇಕು. ಇದನ್ನು ನಿಜವಾದ ಕಡಲಿನಲ್ಲಿ ಹೊಸದಾಗಿ ಕಲಿಸಬೇಕಿತ್ತು.

“ನೀವೇ ಕಲಿಸಬೇಕು,” ಎಂದರು ಗಾಂವಕರರು.

ಸುಗಂಧಾ ಬಲಗೈಯನ್ನು ಸೆರಗಿನಿಂದ ತೆಗೆದು ಎಲ್ಲರೆದುರು ಮೇಜಿನ ಮೇಲೆ ಇಟ್ಟಳು. ಪಕ್ಕದ ಚಹದ ಲೋಟ ಕಟಕಟ ಸದ್ದು ಮಾಡಿತು.

“ಈ ಕೈಯಿಂದ್ಲಾ ಸರ್?”

“ಬೆಳಿಗ್ಗೆ ನಮ್ಮನ್ನ ಎಳ್ಕೊಂಡು ಬಂದದ್ದು ಯಾವ ಕೈ?” ಎಂದರು ಅವರು.

ಅವಳ ಕಣ್ಣು ತುಂಬಿಕೊಂಡಿತು, ಯಾರೂ ನೋಡಲಿಲ್ಲ ಎಂದುಕೊಂಡು ಒರೆಸಿಕೊಂಡಳು. ಎಲ್ಲರೂ ನೋಡಿದ್ದರು.

ಮುಂದಿನ ಮಳೆಗಾಲದವರೆಗೆ ಸುಗಂಧಾ ದಿನವೂ ಕಡಲಿಗೆ ಹೋದಳು. ಉಲ್ಲಾಸನ ಬಲೆದೋಣಿಯನ್ನೇ ಎಷ್ಟೋ ಸಲ ನಡುನೀರಲ್ಲಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದಳು. ಮೀನು ಓಡಿಹೋಗ್ತವೆ ಎಂದು ಅವನು ಗೊಣಗಿದ, ದಿನವೂ ಬಂದು ನಿಂತ. ಹೊಸ ಮಂಡೆ ತಯಾರಾಯಿತು, ಐದು ದೇಶಗಳಿಗೂ ಹೋಯಿತು.

ಕೆಲವು ತಿಂಗಳ ಮೇಲೆ ಗಾಂವಕರರು ಅವಳನ್ನು ಕೋಣೆಗೆ ಕರೆದರು.

“ಎಲ್ಲಾ ಕಡೆಯಿಂದ ಒಂದೇ ಮಾತು,” ಎಂದರು. “ಸುತ್ತು ಹಾಕುವಾಗ ದೋಣಿ ಮೂತಿ ಸ್ವಲ್ಪ ನಡುಗ್ತದಂತೆ. ತೊಂದರೆ ಏನಿಲ್ಲ. ನಮ್ಮ ಹುಡುಗರು ಒಂದು ಮಧ್ಯಾಹ್ನದಲ್ಲಿ ಅದನ್ನ ನಯ ಮಾಡ್ತಾರಂತೆ. ಮಾಡಿಸ್ಲಾ?”

ಕೇಳಬೇಕಾದ ಪ್ರಶ್ನೆಯೇ. ಸುಗಂಧಾ ಕಿಟಕಿಯಾಚೆ ನೋಡಿದಳು. ಧಕ್ಕೆಯಲ್ಲಿ ಸಣ್ಣಿ ನಿಂತಿತ್ತು. ನಯ ಮಾಡಿದರೆ ದೋಣಿಗಳು ಅವಳ ಮೊದಲಿನ ಗಟ್ಟಿ ಕೈಯ ಹಾಗೆ ತಿರುಗುತ್ತವೆ. ಒಂದು ವರ್ಷದ ಹಿಂದೆ ಅವಳು ದೇವರ ಹತ್ತಿರ ಕೇಳಿಕೊಂಡದ್ದು ಅದನ್ನೇ.

“ಬೇರೆಯವ್ರದ್ದು ಗೊತ್ತಿಲ್ಲ,” ಎಂದು ಗಾಂವಕರರೇ ಮತ್ತೆ ಮಾತು ತೆಗೆದರು. “ಕ್ಯಾಪ್ಟನ್ ಮರಿಸಾ ಮಾತ್ರ ತೆಗೀಬೇಡಿ ಅಂದಿದ್ದಾರೆ. ಅವ್ರ ಕಡಲಿನ ಮೀನುಗಾರರು ಎಂಜಿನ್ ಕೆಟ್ಟು ನಿಂತಾಗ ದೂರದಿಂದ ಯುದ್ಧದ ದೋಣಿ ಬಂದ್ರೆ ಮೊದ್ಲು ಹೆದರ್ತಿದ್ರಂತೆ. ಕ್ಯಾಪ್ಟನ್ ನಿಮ್ಮ ಕಥೆ ಹೇಳಿದ್ಮೇಲೆ ಈಗ ಮೂತಿ ನೋಡ್ತಾರಂತೆ. ಅದು ನಡುಗಿದ್ರೆ, ‘ಹೆದರಬೇಡಿ, ಸುಗಂಧಾ ಬಂದ್ಲು’ ಅಂತಾರಂತೆ.”

ಸುಗಂಧಾ ಬಲಗೈಯನ್ನು ಎತ್ತಿ ನೋಡಿಕೊಂಡಳು. ಅದು ನಡುಗುತ್ತಲೇ ಇತ್ತು. ಅವಳು ಕಂಡೇ ಇರದ, ಹೆಸರೂ ಗೊತ್ತಿಲ್ಲದ ಜನ ಈ ನಡುಕವನ್ನು ಕಂಡು ಧೈರ್ಯ ತಂದುಕೊಳ್ಳುತ್ತಿದ್ದರು.

“ಇರ್ಲಿ ಸರ್,” ಎಂದಳು. “ಅದು ದೋಣಿಯ ದೋಷ ಅಲ್ಲ. ನಂದು.”